ಶುಕ್ರವಾರ ಬರುತ್ತೇನೆ ಅಂದಿದ್ದೆ

ಮೆಡಿಕಲ್ ಕಾಲೇಜಿನ ಅರ್ಜಿ ನಾಲ್ಕು ಪುಟದ್ದು. ಮೂರನೆಯ ಪುಟದ ಕೆಳಗೆ, ಆಟೋಟ, ಭಾಷಣ ಸ್ಪರ್ಧೆ, ಎನ್.ಸಿ.ಸಿ., ಸಮಾಜಸೇವೆ ಇವುಗಳಲ್ಲಿ ಅಭ್ಯರ್ಥಿ ಏನೇನು ಮಾಡಿದ್ದಾನೆ ಎಂದು ಕೇಳಿ, ಉತ್ತರ ಬರೆಯಲು ಐದು ಗೆರೆ ಬಿಟ್ಟಿದ್ದರು. ಮಿಕ್ಕಿದ್ದನ್ನೆಲ್ಲ ನಾನು ಒಂದೇ ಮಧ್ಯಾಹ್ನ ಕೂತು ಪೆನ್ಸಿಲಿನಲ್ಲಿ ತುಂಬಿಸಿದೆ. ಆ ಐದು ಗೆರೆಗೆ ಬರೆಯಲು ನನ್ನ ಹತ್ತಿರ ಒಂದು ಪದವೂ ಇರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾವಿದ್ದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಾದ ನಂದಿದುರ್ಗದ ಗಣಿ ಕೂಲಿಗಳ ಲೈನುಮನೆಯಲ್ಲಿ. ಅಪ್ಪ ಗಣಿಯೊಳಗೆ ಮೇಲಿನ ಬಂಡೆ ಕುಸಿಯದ ಹಾಗೆ ಮರದ ಆಸರೆ ಕಟ್ಟುವ ಕೆಲಸ ಮಾಡುತ್ತಿದ್ದರು. ನಾನು ಪಿ.ಯು.ಸಿ. ಪರೀಕ್ಷೆ ಬರೆದು ಕೂತಿದ್ದೆ. ಅಂಕ ಚೆನ್ನಾಗಿ ಬರುತ್ತದೆ ಎನ್ನುವ ಧೈರ್ಯ ಇತ್ತು. ಆದರೆ ಆಗ ಸೀಟು ಬರೀ ಅಂಕ ನೋಡಿ ಕೊಡುತ್ತಿರಲಿಲ್ಲ, ಸಂದರ್ಶನವೂ ಇತ್ತು. ಆ ಖಾಲಿ ಗೆರೆಗಳನ್ನು ನೋಡಿಯೇ ಅಲ್ಲಿ ಪ್ರಶ್ನೆ ಕೇಳುತ್ತಾರೆ ಎಂದು ನನಗೆ ಹೇಳಿದವರು ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು. ಅಭ್ಯಾಸ ಮಾಡಿಕೋ ಎಂದು ಹಿಂದಿನ ವರ್ಷದ ಅರ್ಜಿಯೊಂದನ್ನು ತಂದುಕೊಟ್ಟವರೂ ಅವರೇ.

"ಬೆಂಗಳೂರಿನ ಹುಡುಗರ ಹತ್ತಿರ ಕಪ್ ಇರುತ್ತೆ, ಶೀಲ್ಡ್ ಇರುತ್ತೆ. ನಿನ್ನ ಹತ್ತಿರ ಏನಿದೆ?" ಅಂದರು ಅವರು.

ನಮ್ಮ ಲೈನಿನಲ್ಲಿ ನಾನು ಆಡಿದ್ದು ಗೋಲಿ, ಬುಗುರಿ. ಅದಕ್ಕೆ ಸರ್ಟಿಫಿಕೇಟು ಯಾರು ಕೊಡುತ್ತಾರೆ? ಮೇಷ್ಟ್ರು ನಕ್ಕರು, ಆಮೇಲೆ ಒಂದು ಚೀಟಿ ಬರೆದುಕೊಟ್ಟರು. ಬಂಗಾರಪೇಟೆಯ ಹೆಲ್ತ್ ಇನ್ಸ್‌ಪೆಕ್ಟರ್ ಅವರಿಗೆ ಪರಿಚಯವಂತೆ. ಸಿಡುಬು ಬರದ ಹಾಗೆ ದಾಕು, ಅಂದರೆ ಲಸಿಕೆ, ಹಾಕುವ ದೊಡ್ಡ ಕೆಲಸ ಆಗ ಹಳ್ಳಿಹಳ್ಳಿಯಲ್ಲೂ ಶುರುವಾಗಿತ್ತು. ಹೆಸರು ಬರೆದುಕೊಳ್ಳಲು, ಜನಕ್ಕೆ ಹೇಳಿ ಒಪ್ಪಿಸಲು ಓದಿದ ಹುಡುಗರು ಬೇಕಾಗಿದ್ದರು. ಆರು ವಾರ ದುಡಿದರೆ ಸಮಾಜಸೇವೆಯ ಸರ್ಟಿಫಿಕೇಟು.

ಸೇವೆ ಮಾಡಬೇಕು ಎಂಬ ಆಸೆಯಿಂದ ನಾನು ಹೋದೆ ಎಂದು ಮುಂದೆ ಎಷ್ಟೋ ಸಭೆಗಳಲ್ಲಿ ನನ್ನನ್ನು ಪರಿಚಯಿಸುವವರು ಹೇಳಿದ್ದಾರೆ. ಅದನ್ನು ಕೇಳುತ್ತಾ ಹಾರ ಹಾಕಿಸಿಕೊಂಡು ಕೂತಿದ್ದೇನೆ. ನಾನು ಹೋದದ್ದು ಐದು ಗೆರೆ ತುಂಬಿಸುವುದಕ್ಕೆ.

ದಿನಾ ಬೆಳಿಗ್ಗೆ ಉರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿಯುತ್ತಿದ್ದೆ. ಅಲ್ಲಿ ದಾಕು ಹಾಕುವವರು ಸೈಕಲ್ ಹಿಡಿದು ಕಾದಿರುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ, ಮನೆಮಾತು ತೆಲುಗು, ಬಾಯಿ ತುಂಬ ಎಲೆಅಡಿಕೆ. ಸೈಕಲ್ಲಿನ ಹಿಂದೆ ನಾನು, ನನ್ನ ತೊಡೆಯ ಮೇಲೆ ಅವರ ಪೆಟ್ಟಿಗೆ. ದಾಕಿನ ಔಷಧಿ ಬಿಸಿಲು ತಡೆಯುವುದಿಲ್ಲ, ಅದಕ್ಕೇ ಗಾಜಿನ ಕೊಳವೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪುಟ್ಟ ಮಣ್ಣಿನ ಕುಡಿಕೆಯೊಳಗೆ ಇಡುತ್ತಿದ್ದರು. ದಾರಿಯಲ್ಲಿ ಬಾವಿ ಕಂಡಲ್ಲೆಲ್ಲ ಇಳಿದು ಆ ಬಟ್ಟೆ ಒದ್ದೆ ಮಾಡುವುದು ನನ್ನ ಕೆಲಸ. "ಇದು ಎಳೇ ಬಾಣಂತಿ ಇದ್ದಂಗೆ. ಬಿಸಿಲು ಬೀಳಬಾರ್ದು, ಗಾಳಿ ತಾಕಬಾರ್ದು" ಎಂದು ಅವರು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು.

ಹಳ್ಳಿ ಸೇರಿದರೆ ಅವರಿಗಿಂತ ನನಗೇ ಕೆಲಸ ಜಾಸ್ತಿ. ನಮ್ಮಮ್ಮನ ತವರು ಬೂದಿಕೋಟೆಯ ಆಸುಪಾಸಿನ ಹಳ್ಳಿ. ಆ ಕಡೆಯ ಮಾತು ನನಗೆ ನೀರು ಕುಡಿದಷ್ಟು ಸಲೀಸು. ಪ್ಯಾಂಟು ಹಾಕಿಕೊಂಡವನು ಬಂದು "ಅಕ್ಕಾ, ಮಗೀನ ತೋಳು ಈ ಕಡೆ ತಿರುಗ್ಸು" ಅಂದರೆ ಹೆಂಗಸರು ನಕ್ಕುಬಿಡುತ್ತಿದ್ದರು. ನಕ್ಕವರು ಅರ್ಧ ಒಪ್ಪಿದ ಹಾಗೆ. ಆಮೇಲೆ ದಾಕು ಹಾಕುವವರು ತೋಳು ತೊಳೆದು ಒರೆಸಿ, ಒಂದು ತೊಟ್ಟು ಔಷಧಿ ಇಟ್ಟು, ಹಲ್ಲಿರುವ ಪುಟ್ಟ ಬಿಲ್ಲೆಯನ್ನು ಅದರ ಮೇಲೆ ಒತ್ತಿ ತಿರುಗಿಸುತ್ತಿದ್ದರು. ಮಗು ಚೀರುವಷ್ಟರಲ್ಲಿ ಮುಗಿದಿರುತ್ತಿತ್ತು. ನಾನು ಪಟ್ಟಿಯಲ್ಲಿ ಮಗುವಿನ ಹೆಸರು, ತಂದೆಯ ಹೆಸರು ಬರೆದು ಮುಂದೆ ಒಂದು ಗುರುತು ಹಾಕುತ್ತಿದ್ದೆ. ಒಪ್ಪದ ಮನೆಗಳಿಗೆ ಗುರುತಿನ ಜಾಗ ಖಾಲಿ. ಮಳೆಗಾಲ ಹಿಡಿಯುವ ಮುಂಚೆ ಇನ್ನೊಂದು ತಂಡ ಬಂದು, ಖಾಲಿ ಇದ್ದ ಮನೆಗಳಿಗೆ ಮಾತ್ರ ಹೋಗಿ ಮತ್ತೆ ಕೇಳುತ್ತಿತ್ತು. ಪದ್ಧತಿ ಇಷ್ಟೇ. ಇದರಲ್ಲಿ ತಿಳಿಯದೆ ತಪ್ಪು ಮಾಡುವಂಥದ್ದು ಏನೂ ಇರಲಿಲ್ಲ.

ಇದು ನನಗೆ ಚೆನ್ನಾಗಿ ಹಿಡಿಸಿತು ಎಂದೂ ಹೇಳಬೇಕು. ಐದನೆಯ ವಾರ ಮುಗಿಯುವ ಹೊತ್ತಿಗೆ ನಮ್ಮ ಪಟ್ಟಿಯಲ್ಲಿ ಒಂದೂ ಖಾಲಿ ಇರಲಿಲ್ಲ. ಹಠ ಹಿಡಿದ ಅಜ್ಜಿಯಂದಿರನ್ನೆಲ್ಲ ನಾನು ಮಾತಾಡಿಸಿ ಮಾತಾಡಿಸಿ ಬಗ್ಗಿಸಿದ್ದೆ. ಇನ್ಸ್‌ಪೆಕ್ಟರು ಪಟ್ಟಿ ನೋಡಿ, "ಹೀಗೇ ಮುಗಿಸಿಬಿಡು. ಒಂದೂ ಬಿಡದೆ ಎಲ್ಲಾ ಮಕ್ಕಳಿಗೂ ಹಾಕಿಸಿದ ಅಂತಲೇ ಬರೆದುಕೊಡ್ತೀನಿ. ಖಾಲಿ ಉಳಿದ್ರೆ ಮಾತ್ರ ಬಹುಮಟ್ಟಿಗೆ ಅಂತ ಸೇರಿಸಬೇಕಾಗುತ್ತೆ, ಸುಳ್ಳು ಬರೆಯೋಕಾಗಲ್ಲ ನೋಡು" ಅಂದರು. ಪಾಪ, ನೇರ ಮನುಷ್ಯ. ಆ 'ಬಹುಮಟ್ಟಿಗೆ' ಅನ್ನುವ ಪದ ಆ ಕ್ಷಣದಿಂದ ನನ್ನ ತಲೆಗೆ ಹೊಕ್ಕಿತು. ಸರ್ಟಿಫಿಕೇಟಿನಲ್ಲಿ ಅದು ಇದ್ದರೆ ನನ್ನ ಸೀಟು ಹೋಯಿತು ಎಂದೇ ಅನಿಸತೊಡಗಿತು. ಹದಿನೇಳು ವರ್ಷದವನ ಹುಚ್ಚು ಅನ್ನಿ. ಆದರೆ ಹುಚ್ಚನಿಗೂ ತನ್ನ ಊಟದ ತಟ್ಟೆ ಯಾವುದು ಅಂತ ಗೊತ್ತಿರುತ್ತದೆ.

ಕೊನೆಯ ಹಳ್ಳಿ ಬೂದಿಕೋಟೆಯಿಂದ ಆಚೆಗೆ, ಬಸ್ಸಿನ ರಸ್ತೆಯಿಂದ ಒಳಕ್ಕೆ ಅರ್ಧ ಗಂಟೆ ನಡೆಯುವಷ್ಟು ದೂರ. ಮೂವತ್ತು ಮನೆ ಇದ್ದಿರಬಹುದು. ನಾವು ಹೋದದ್ದು ಬುಧವಾರ, ದೂರ ಅಂತ ಸೈಕಲ್ ಬಿಟ್ಟು ಬಸ್ಸಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಒಂದು ಮನೆ ಬಿಟ್ಟು ಎಲ್ಲ ಮುಗಿಯಿತು.

ಆ ಮನೆಯ ಹೆಂಗಸಿಗೆ ಇಪ್ಪತ್ತೈದು ಇದ್ದೀತು. ಗಂಡ ಉರಿಗಾಂ ಕಡೆ ಕೂಲಿಗೆ ಹೋದವನು, ವಾರಕ್ಕೊಮ್ಮೆ ಬರುವವನು. ಮೂರು ವರ್ಷದ ಹೆಣ್ಣು ಮಗು ಅವಳ ಸೆರಗು ಹಿಡಿದು ನಿಂತಿತ್ತು. ನಾನು ಬಾಗಿಲಲ್ಲಿ ನಿಂತು ಮಾತು ಶುರು ಮಾಡಿದ ಕೂಡಲೇ ಆಕೆ ನನ್ನ ಮುಖ ನೋಡಿ, "ನೀನು ಯಾರ ಮಗ?" ಅಂತ ಕೇಳಿದಳು. ಅಮ್ಮನ ತವರಿನ ಹೆಸರು ಹೇಳಿದೆ. ಬೆರಳು ಮಡಿಸಿ ಎಣಿಸಿ, ಯಾರ ಮನೆಗೆ ಯಾರು ಕೊಟ್ಟದ್ದು ಎಂದು ಲೆಕ್ಕ ಹಾಕಿ, "ಅಂಗಾರೆ ನಂಗೆ ತಮ್ಮ ಆಗ್ಬೇಕು ನೀನು. ಬಾ, ಕುಂತ್ಕ" ಎಂದು ಚಾಪೆ ಹಾಸಿದಳು.

ಕೂತೆ. ದಾಕಿನ ವಿಷಯ ಹೇಳಿದೆ. ಆಕೆ ಬೇಡ ಅನ್ನಲಿಲ್ಲ.

"ನನ್ ದೊಡ್ಡ ಮಗೀನ ಅಮ್ಮ ಕರ್ಕೊಂಡ್ಳು ಕಣಪ್ಪ, ಎರಡು ವರ್ಸ ಆತು. ಇವಳ್ಗೂ ಏನಾನ ಆದ್ರೆ ನಾನು ಬದುಕಾಕಿಲ್ಲ. ದಾಕು ಆಕ್ಸ್‌ತೀನಿ. ಆದ್ರೆ ಅಮ್ಮನ್ನ ಒಂದ್ ಮಾತು ಕೇಳ್ದೆ ಆಕ್ಸಾಕಿಲ್ಲ" ಅಂದಳು.

ಸಿಡುಬನ್ನು ನಮ್ಮ ಕಡೆ ಹೆಸರಿಟ್ಟು ಕರೆಯುತ್ತಿರಲಿಲ್ಲ, ಅಮ್ಮ ಎಂದೇ ಅನ್ನುತ್ತಿದ್ದರು. ಮಾರಮ್ಮ ಮೈಮೇಲೆ ಬಂದಿದ್ದಾಳೆ, ಅವಳೇ ಇಳಿಯಬೇಕು ಎಂಬ ನಂಬಿಕೆ. ಅವಳ ಅಪ್ಪಣೆ ಇಲ್ಲದೆ ಸೂಜಿ ಹಾಕಿಸಿದರೆ ಮುನಿಯುತ್ತಾಳೆ. ಅಪ್ಪಣೆ ಕೇಳುವ ಕ್ರಮ ಹೀಗೆ: ಶುಕ್ರವಾರ ಬೆಳಿಗ್ಗೆ ಪೂಜಾರಿ ಬಂದು ಅಮ್ಮನ ಕಲ್ಲಿಗೆ ನೀರೆರೆದು, ಹಸಿ ಕಲ್ಲಿನ ಎಡಕ್ಕೊಂದು ಬಲಕ್ಕೊಂದು ಹೂ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ನಿಲ್ಲುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ನಮ್ಮಮ್ಮ ನನ್ನನ್ನು ಕಾಲೇಜಿಗೆ ಸೇರಿಸುವಾಗಲೂ ಹೀಗೆ ಹೂ ಕೇಳಿಸಿದ್ದಳು. ಹಾಗಾಗಿ ನಾನು ನಗಲಿಲ್ಲ.

"ಸುಕ್ರವಾರ ಊ ಕೇಳ್ತೀನಿ. ಬಲಗಡೆ ಬಿದ್ರೆ ಮಗೀನ ಎತ್ಕೊಂಡು ಬಸ್ ರಸ್ತೆ ತಾವ್ಕೆ ನಾನೇ ಬತ್ತೀನಿ. ನೀನು ಅಲ್ಲಿಗೆ ಬತ್ತೀಯಾ?"

"ಬತ್ತೀನಿ ಅಕ್ಕ. ದಾಕು ಹಾಕೋರನ್ನ ಕರ್ಕೊಂಡೇ ಬತ್ತೀನಿ."

"ಆಯಪ್ಪ ಒಬ್ನೇ ಬಂದ್ರೆ ನಾನು ಮಗೀನ ಕೊಡಾಕಿಲ್ಲ. ನೀನಿರ್ಬೇಕು."

"ಇರ್ತೀನಿ."

"ಬೆಳಿಗ್ಗೆ ಬಸ್ಸಿಗಾ?"

"ಬೆಳಿಗ್ಗೆ ಬಸ್ಸಿಗೆ."

ನಾನು ಆಣೆ ಇಡಲು ಹೊರಟರೆ ಆಕೆಯೇ ತಡೆದಳು. "ಆಣೆ ಗೀಣೆ ಯಾಕೆ, ನಮ್ಮೋರ ಮಗ ಅಲ್ವಾ" ಅಂದಳು.

ಹೊರಗೆ ಬಂದು ದಾಕು ಹಾಕುವವರಿಗೆ ಎಲ್ಲ ಹೇಳಿದೆ. ಅವರು ತಲೆಯಾಡಿಸಿದರು. "ಆಯಮ್ಮ ಹೇಳೋದು ಸರಿ ಐತೆ. ಶುಕ್ರವಾರ ಬರಾಣ. ಇವತ್ತಿಗೆ ಖಾಲಿ ಬಿಡು" ಅಂದರು. ಅವರು ಹೇಳಿದ್ದು ಅಷ್ಟೇ. ಇದರಲ್ಲಿ ಅವರ ತಪ್ಪು ಒಂದು ಎಳ್ಳಷ್ಟೂ ಇಲ್ಲ ಎಂದು ಇಲ್ಲೇ ಬರೆದಿಡುತ್ತೇನೆ.

ಸಂಜೆ ಬಂಗಾರಪೇಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ರೈಲಿಗೆ ಕಾಯುತ್ತಿದ್ದೆ. ಪಟ್ಟಿ ತೊಡೆಯ ಮೇಲಿತ್ತು. ಮಾರನೆಯ ದಿನ ಗುರುವಾರ ಅದನ್ನು ಇನ್ಸ್‌ಪೆಕ್ಟರಿಗೆ ಒಪ್ಪಿಸಬೇಕು. ಪುಟ ಮಗುಚುತ್ತಾ ಹೋದೆ. ಎಲ್ಲ ಕಡೆ ಗುರುತು, ಕೊನೆಯ ಪುಟದಲ್ಲಿ ಒಂದೇ ಒಂದು ಖಾಲಿ. ಹೇಗೂ ನಾಡಿದ್ದು ಹಾಕಿಸುವುದೇ ಅಲ್ಲವೇ ಅಂದುಕೊಂಡೆ. ಎರಡು ದಿನ ಮುಂಚೆ ಬರೆದರೆ ಯಾರಿಗೆ ನಷ್ಟ? ಪೆನ್ನು ತೆಗೆದು ಗುರುತು ಹಾಕಿದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯಲು ಈಗ ಆಸೆಯಾಗುತ್ತದೆ, ಆದರೆ ನಡುಗಲಿಲ್ಲ. ರೈಲು ಬಂತು, ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಮನೆಗೆ ಹೋಗಿ ಮುದ್ದೆ ಉಂಡು ಚೆನ್ನಾಗಿ ನಿದ್ದೆ ಮಾಡಿದೆ.

ಗುರುವಾರ ಇನ್ಸ್‌ಪೆಕ್ಟರು ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ನೋಡಿದರು. "ಭೇಷ್" ಅಂದರು. ಅಲ್ಲೇ ಟೈಪು ಮಾಡಿಸಿ ಸಹಿ ಹಾಕಿ ಕೊಟ್ಟರು. ಒಂದು ಮಗುವನ್ನೂ ಬಿಡದೆ ಎಂದು ಅದರಲ್ಲಿತ್ತು. ನಾನು ಅದನ್ನು ನಾಲ್ಕು ಸಲ ಓದಿದೆ. ಇನ್ನು ಅದರ ನಕಲಿಗೂ ಅಂಕಪಟ್ಟಿಯ ನಕಲಿಗೂ ಕೋಲಾರದಲ್ಲಿ ಗೆಜೆಟೆಡ್ ಅಧಿಕಾರಿಯೊಬ್ಬರ ಸಹಿ ಮೊಹರು ಹಾಕಿಸಬೇಕಾಗಿತ್ತು. ಅರ್ಜಿ ಸೋಮವಾರ ಬೆಂಗಳೂರಿಗೆ ತಲುಪಬೇಕು. ಅಧಿಕಾರಿ ಶುಕ್ರವಾರ ಇರುತ್ತಾರೆ, ಶನಿವಾರ ಮಧ್ಯಾಹ್ನದವರೆಗೂ ಇರುತ್ತಾರೆ ಎಂದು ಮೇಷ್ಟ್ರು ವಿಚಾರಿಸಿ ಹೇಳಿದ್ದರು.

ಶನಿವಾರವೂ ಇರುತ್ತಾರೆ. ಅದು ನನಗೆ ಗೊತ್ತಿತ್ತು. ಎಷ್ಟೋ ವರ್ಷ ನಾನು ಈ ಸಂಗತಿಯನ್ನು ನನ್ನಿಂದಲೇ ಮುಚ್ಚಿಡಲು ನೋಡಿದ್ದೇನೆ. ಶುಕ್ರವಾರ ಹೋಗದೆ ಗತ್ಯಂತರವಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಸುಮಾರು ನಂಬಿಯೂ ಇದ್ದೆ. ಗತ್ಯಂತರ ಇತ್ತು. ಶನಿವಾರ ಆ ಅಧಿಕಾರಿ ಎಲ್ಲಿಗಾದರೂ ಹೊರಟುಬಿಟ್ಟರೆ ಎಂಬ ಪುಕ್ಕಲುತನ ನನ್ನದು, ಅಷ್ಟೇ. ಸರ್ಟಿಫಿಕೇಟು ಕೈಗೆ ಬಂದ ಮೇಲೆ ಆ ಹಳ್ಳಿ ನನ್ನ ಮನಸ್ಸಿನಲ್ಲಿ ಬಹಳ ದೂರ ಹೋಗಿಬಿಟ್ಟಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರಲ್ಲ, ಆ ಗಾದೆ ನನ್ನಂಥವರನ್ನು ನೋಡಿಯೇ ಕಟ್ಟಿದ್ದು.

ಅವತ್ತೇ ದಾಕು ಹಾಕುವವರು ಕಚೇರಿಯ ಮೆಟ್ಟಿಲ ಮೇಲೆ ಸಿಕ್ಕಿ, "ನಾಳೆ ಬೆಳಿಗ್ಗೆ ಬಸ್ಸಿಗೇ ತಾನೆ?" ಎಂದು ಕೇಳಿದರು.

"ನಾಳೆ ಆಗಲ್ಲ, ಕೋಲಾರಕ್ಕೆ ಹೋಗಬೇಕು. ಮುಂದಿನ ವಾರ ಹೋಗೋಣ" ಅಂದೆ.

"ಆಯಮ್ಮ ಕಾಯಲ್ವಾ?"

"ಹೇಳಿ ಕಳಿಸ್ತೀನಿ" ಅಂದೆ.

ಹೇಳಿ ಕಳಿಸಲಿಲ್ಲ. ಬೂದಿಕೋಟೆ ಬಸ್ಸಿನ ಕಂಡಕ್ಟರಿಗೆ ಒಂದು ಮಾತು ಹೇಳಿದ್ದರೂ ಸಾಕಾಗಿತ್ತು. ಆ ಬಸ್ಸು ನಿಲ್ಲುವ ಜಾಗದ ಮುಂದೆಯೇ ನಡೆದು ರೈಲು ಸ್ಟೇಷನ್ನಿಗೆ ಹೋದೆ. ಶುಕ್ರವಾರ ಬೆಳಿಗ್ಗೆ ಕೋಲಾರದ ಚಿಕ್ಕ ರೈಲಿನಲ್ಲಿ ಕೂತಿದ್ದೆ. ಮುಂದಿನ ವಾರ ದಾಕು ಹಾಕುವವರನ್ನು ಮಾಲೂರಿನ ಕಡೆಗೆ ಹಾಕಿದರು, ನಾನೂ ನೆನಪು ಮಾಡಲಿಲ್ಲ. ಮಳೆಗಾಲದ ಮುಂಚೆ ಬಂದ ಎರಡನೆಯ ತಂಡ ಖಾಲಿ ಇದ್ದ ಮನೆಗಳನ್ನು ಹುಡುಕಿಕೊಂಡು ಹೋಯಿತು. ನಾನು ಗುರುತು ಹಾಕಿದ ಮನೆಗೆ ಯಾರೂ ಹೋಗಲಿಲ್ಲ. ಹೋಗುವುದಕ್ಕೆ ಕಾರಣವೇ ಇರಲಿಲ್ಲ.

ಸಂದರ್ಶನ ಬೆಂಗಳೂರಿನಲ್ಲಿ. ಪಕ್ಕದ ಮನೆಯವರ ಅಳಿಯನ ಬೂಟು ಹಾಕಿಕೊಂಡು ಹೋಗಿದ್ದೆ. ಅದು ಒಂದು ಬೆರಳು ದೊಡ್ಡದು, ಮುಂದೆ ಹತ್ತಿ ತುರುಕಿದ್ದೆ. ಮೇಜಿನ ಆಚೆ ಮೂವರು ಕೂತಿದ್ದರು. ಅವರಲ್ಲಿ ಎಲ್ಲರಿಗಿಂತ ವಯಸ್ಸಾದವರು ನನ್ನ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಓದಿದರು. ಅಷ್ಟು ಹೊತ್ತು ಓದುವಂಥದ್ದು ಅದರಲ್ಲಿ ಇರಲಿಲ್ಲ.

"ಒಂದು ಮಗುವನ್ನೂ ಬಿಡದೆ ಅಂತ ಇದೆ. ನಾನು ಮೂವತ್ತು ವರ್ಷದಿಂದ ಹಳ್ಳಿ ನೋಡಿದ್ದೀನಿ. ಅಮ್ಮನ ಭಯ ಅಂತ ಒಂದಿರುತ್ತಲ್ಲ, ಅದಕ್ಕೆ ಏನು ಮಾಡಿದೆ?" ಅಂತ ಕೇಳಿದರು.

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ನನಗೆ ಜೀವನದಲ್ಲಿ ಸಿಗಲಿಲ್ಲ. ಒಂದು ಮನೆ ಬಿಟ್ಟುಹೋಯಿತು ಸಾರ್, ಅಂದಿದ್ದರೆ ಆ ಮುದುಕರು ಬಹುಶಃ ಮೆಚ್ಚಿಕೊಂಡೇ ಇರುತ್ತಿದ್ದರು. ನಾನು ಹೇಳಿದ್ದು ಬೇರೆ. ಬೂದಿಕೋಟೆ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ, ಹಿಂದೊಂದು ಮಗುವನ್ನು ಕಳೆದುಕೊಂಡವಳು, ಹೂ ಕೇಳದೆ ಆಗುವುದಿಲ್ಲ ಅಂದಳು, ನಾನು ಆಕೆಯ ನಂಬಿಕೆಯನ್ನು ಹಳಿಯಲಿಲ್ಲ, ಶುಕ್ರವಾರದವರೆಗೆ ತಡೆದೆ, ಶುಕ್ರವಾರ ಬೆಳಿಗ್ಗೆ ಬಸ್ಸಿಗೆ ಹೋದೆ, ಹೂ ಬಲಗಡೆ ಬಿದ್ದಿತ್ತು, ಆಕೆ ತಾನೇ ಮಗುವನ್ನು ಎತ್ತಿಕೊಂಡು ರಸ್ತೆಗೆ ಬಂದು ನನ್ನ ಕೈಗೆ ಕೊಟ್ಟಳು. ಮಗು ಅತ್ತದ್ದನ್ನೂ ಹೇಳಿದೆ. ತಾಯಿ ಸೆರಗಿನಿಂದ ಅದರ ಕಣ್ಣು ಒರೆಸಿದಳು ಎಂದೂ ಸೇರಿಸಿದೆ.

ಮುದುಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದವರಿಗೆ ಇಂಗ್ಲಿಷಿನಲ್ಲಿ, ಇದು ಪುಸ್ತಕದಿಂದ ಬರುವುದಿಲ್ಲ ಅಂದರು. ಮಿಕ್ಕ ಪ್ರಶ್ನೆಗಳನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಆಚೆ ಬಂದು ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು ನಡೆದೆ. ಸೀಟು ಸಿಕ್ಕಿತು ಎಂದು ಅಲ್ಲೇ ಗೊತ್ತಾಗಿತ್ತು. ಆಗಲೂ ನನಗೆ ನಾಚಿಕೆಯಾಗಲಿಲ್ಲ, ಸಂತೋಷವೇ ಆಯಿತು. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಪತ್ರ ಬಂದ ದಿನ ಲೈನೆಲ್ಲ ನಮ್ಮ ಮನೆ ಮುಂದೆ. ಎದುರು ಮನೆಯ ತಮಿಳು ಅಜ್ಜಿ ನನ್ನ ಗಲ್ಲ ಹಿಡಿದು, "ನಮ್ಮ ಪುಳ್ಳ ಡಾಕ್ಟ್ರು ಆಯಿಡ್ಚು", ನಮ್ಮ ಹುಡುಗ ಡಾಕ್ಟ್ರಾಗಿಬಿಟ್ಟ, ಎಂದು ಎಲ್ಲರಿಗೂ ಸಕ್ಕರೆ ಹಂಚಿತು. ಅಪ್ಪ ಪಾಳಿ ಮುಗಿಸಿ ಬಂದವರು, ಮೈ ತೊಳೆಯದೆ ಬಾಗಿಲಲ್ಲೇ ನಿಂತು ನನ್ನ ನೋಡಿದರು. "ಇನ್ನು ನೀನು ಕೆಳಗಿಳಿಯಂಗಿಲ್ಲ ಬಿಡು" ಅಂದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ. ನಾನು ಗಣಿಯ ಒಳಗೆ ಇಳಿಯಲಿಲ್ಲ, ನಿಜ.

ಮೊದಲ ವರ್ಷದ ಓದು ಮುಗಿಸಿ ಬೇಸಗೆ ರಜಕ್ಕೆ ಬಂದೆ. ಒಂದು ಬೆಳಿಗ್ಗೆ ಅಮ್ಮ ಹುಣಸೆಹಣ್ಣು ಬಿಡಿಸುತ್ತಾ ತವರಿನ ಕಡೆಯ ಸುದ್ದಿ ಹೇಳುತ್ತಿದ್ದಳು. ಚಳಿ ಇಳಿಯುವ ಹೊತ್ತಿಗೆ ಬೂದಿಕೋಟೆ ಆಚೆ ಒಂದು ಹಳ್ಳಿಯಲ್ಲಿ ಮಾರಮ್ಮ ಕಾಣಿಸಿಕೊಂಡಳಂತೆ. ಎಲ್ಲರಿಗೂ ದಾಕು ಹಾಕಿದ್ದರಿಂದ ಹಬ್ಬಲಿಲ್ಲವಂತೆ. "ಒಂದೇ ಮಗೀಗೆ. ಜೀವ ಉಳ್ಕೊಂತು. ಒಂದು ಕಣ್ಣು ಓತಂತೆ" ಅಂದಳು. ಯಾವ ಹಳ್ಳಿ ಎಂದು ನಾನು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರೆ, ನನಗೆ ಹೆಗಲು ಮುಟ್ಟಿಕೊಳ್ಳಲೂ ಕೈ ಏಳಲಿಲ್ಲ.

ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಹೋದೆ. ಆಕೆಯ ಕಾಲು ಹಿಡಿದು ಎಲ್ಲ ಹೇಳಿಬಿಡಬೇಕು, ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಾ ಹೋದೆ. ರಸ್ತೆಯಲ್ಲಿ ಇಳಿದು ಒಳಕ್ಕೆ ನಡೆಯುವಾಗಲೂ ಆ ಮಾತುಗಳನ್ನೇ ಬಾಯಿಪಾಠ ಮಾಡಿಕೊಂಡೆ.

ಮಗು ಜಗುಲಿಯ ಮೇಲೆ ಕೂತು ಹುಣಸೆ ಬೀಜ ಆಡುತ್ತಿತ್ತು. ಮುಖದ ತುಂಬ ಗುಳಿ. ಎಡಗಣ್ಣು ಬೆಳ್ಳಗಾಗಿತ್ತು. ನಾನು ಅಲ್ಲೇ ನಿಂತೆ. ಒಳಗಿಂದ ಬಂದ ತಾಯಿ ನನ್ನನ್ನು ಗುರುತು ಹಿಡಿದಳು. "ಬಾರಪ್ಪ, ಬಿಸಿಲಾಗೆ ಬಂದಿದ್ದೀಯ" ಎಂದು ಅದೇ ಮೊದಲಿನ ಹಾಗೆ ಚಾಪೆ ಹಾಸಿ ಮಜ್ಜಿಗೆ ತಂದುಕೊಟ್ಟಳು.

"ಡಾಕ್ಟ್ರು ಓದ್ತಿದ್ದೀಯಂತೆ. ನಮ್ಮೋರಾಗೆ ಒಬ್ಬ ಆದ್ನಲ್ಲ ಅಂತ ಎಲ್ಲಾರ್ಗೂ ಏಳ್ತೀನಿ" ಅಂದಳು.

ನಾನು ಲೋಟ ಹಿಡಿದು ಕೂತೆ. ಬಾಯಿಪಾಠ ಮಾಡಿದ ಮೊದಲ ಮಾತು ಗಂಟಲಿಗೆ ಬಂತು. ಅಷ್ಟರಲ್ಲಿ ಆಕೆ ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಊ ಬಲಗಡೇನೇ ಬಿತ್ತು ಕಣಪ್ಪ ಅವತ್ತು" ಅಂದಳು. "ಪೂಜಾರಿ ಬರಾದು ಒತ್ತಾತು. ಊ ಬಿದ್ದೇಟ್ಗೆ ಮಗೀನ ಎತ್ಕೊಂಡು ಓಡ್ದೆ. ರಸ್ತೆ ತಾವ್ಕೆ ಓಗಾ ಒತ್ಗೆ ಬೆಳಿಗ್ಗೆ ಬಸ್ಸು ಓಗ್ಬುಟ್ಟಿತ್ತು. ಇನ್ನೇನು ಬತ್ತೀಯ ಅಂತ ಸಂಜೆ ಬಸ್ಸು ಬರಾಗಂಟ ಕಾದೆ. ಮಾರ್ನೇ ದಿನಾನೂ ಓಗಿ ನಿಂತಿದ್ದೆ."

ನಾನು ಲೋಟದೊಳಗೇ ನೋಡುತ್ತಿದ್ದೆ.

"ನಿನ್ನ ಒಂದ್ ಮಾತು ಕೇಳ್ಬೇಕು ಅಂತ ಅವತ್ತಿಂದ ಮನಸ್ನಾಗಿಟ್ಕೊಂಡಿದ್ದೀನಿ. ಆ ಬೆಳಿಗ್ಗೆ ಬಸ್ಸಿಗೆ ನೀನು ಬಂದಿದ್ಯಾ? ನಾವು ಬರಾದ್ರಾಗೆ ಬಂದು ಓಗ್ಬುಟ್ಯಾ?"

ಆಕೆಯ ಗಂಡ ದಿನವೂ ಅದನ್ನೇ ಎತ್ತಿ ಆಡುತ್ತಾನಂತೆ. ಹೂ ಕೇಳುವ ನಿನ್ನ ಚಟಕ್ಕೆ ಮಗುವಿನ ಕಣ್ಣು ಕಳೆದೆ ಅನ್ನುತ್ತಾನಂತೆ. ನೀನು ತಡ ಮಾಡಿದೆ, ಅವರು ಕಾದು ಹೊರಟುಹೋದರು ಅನ್ನುತ್ತಾನಂತೆ. ಆಕೆ ಹೇಳುತ್ತಾ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಇಲ್ಲ ಅನ್ನಬೇಕಾಗಿತ್ತು. ನಾನು ಬರಲೇ ಇಲ್ಲ ಅಕ್ಕ, ನಿನ್ನ ಮಗಳ ಹೆಸರಿನ ಮುಂದೆ ಗುರುತು ಹಾಕಿ ಅದನ್ನೇ ತೋರಿಸಿ ಡಾಕ್ಟರಾಗಲು ಹೊರಟೆ, ನೀನು ಎಷ್ಟು ಬೇಗ ಓಡಿ ಬಂದಿದ್ದರೂ ಅಲ್ಲಿ ಯಾರೂ ಇರುತ್ತಿರಲಿಲ್ಲ. ಇಷ್ಟೇ ಹೇಳಬೇಕಾಗಿದ್ದದ್ದು. ಈ ಮಾತು ಊರಿನಿಂದ ಕಚೇರಿಗೆ, ಕಚೇರಿಯಿಂದ ಕಾಲೇಜಿಗೆ ಹೋದರೆ ಏನಾಗುತ್ತದೆ ಎಂದು ನನ್ನ ತಲೆ ಅಷ್ಟರಲ್ಲೇ ಲೆಕ್ಕ ಹಾಕಿ ಮುಗಿಸಿತ್ತು.

"ಹೌದು ಅಕ್ಕ. ಬಂದಿದ್ದೆ" ಅಂದೆ. "ಸ್ವಲ್ಪ ಹೊತ್ತು ಕಾದೆ."

ಆಕೆ ತಲೆ ತಗ್ಗಿಸಿದಳು. "ಅಂಗೇ ಅನ್ಕೊಂಡಿದ್ದೆ" ಅಂದಳು. ಆಮೇಲೆ, "ಅಷ್ಟು ದೂರದಿಂದ ಬಂದು ಕಾದ್ಯಲ್ಲಪ್ಪ" ಅಂದಳು.

ಮಜ್ಜಿಗೆ ಪೂರ್ತಿ ಕುಡಿಯಲಾಗದೆ ಲೋಟವನ್ನು ಪಕ್ಕಕ್ಕಿಟ್ಟೆ. ಮಗು ಆಟ ಬಿಟ್ಟು ತಾಯಿಯ ಹತ್ತಿರ ಬರಲು ಎದ್ದಿತು. ಲೋಟ ಅದರ ಎಡಗಡೆಗಿತ್ತು. ಕಾಣದೆ ಕಾಲು ತಾಕಿ, ಲೋಟ ಉರುಳಿ ಮಜ್ಜಿಗೆಯೆಲ್ಲ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು. ಮಗು ಹೆದರಿ ಅಮ್ಮನ ಮುಖ ನೋಡಿತು. ತಾಯಿ ಮಗುವನ್ನು ಬೈಯಲಿಲ್ಲ. ಸೆರಗಿನಿಂದ ನನ್ನ ಮೊಣಕಾಲು ಒರೆಸುತ್ತಾ, "ಅವಳ್ದೇನಿಲ್ಲಪ್ಪ, ತೆಪ್ಪು ನಂದೇ" ಅಂದಳು.

ನಾನು ಒರೆಸಿಸಿಕೊಂಡು ಕೂತಿದ್ದೆ.